ದೆಸಾಂಕಾ ಕಚ್ಚುತ್ತಿದ್ದ ಟಾರ್ಚು

ನಮ್ಮ ಕಟ್ಟಡಕ್ಕೆ ನೀರಿನ ಮೀಟರು ಓದಲು ಬರುವ ದೆಸಾಂಕಾ ಯಾರಿಗೂ ಉತ್ತರ ಬಾಕಿ ಉಳಿಸಿಕೊಳ್ಳುವ ಹೆಂಗಸಲ್ಲ. ‘ನಲ್ಲಿ ನೀರಿಗೆ ಏನೋ ವಾಸನೆ’ ಎಂದು ಬಾಗಿಲಲ್ಲಿ ನಿಂತು ಯಾರಾದರೂ ಅಂದರೆ, ‘ಮೊದಲು ಲೋಟ ತೊಳೀರಿ, ಆಮೇಲೆ ಕುಡೀರಿ’ ಎನ್ನುತ್ತಿದ್ದಳು. ಲೆಸ್ಕೊವಾತ್ಸ್ ಊರಿನ ಅರ್ಧದಷ್ಟು ಮನೆಗಳಿಗೆ ಇಪ್ಪತ್ತಾರು ವರ್ಷದಿಂದ ಹೀಗೆ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದಾಳೆ. ಅವಳ ಬಾಯಿಗೆ ಹೆದರದವರೆಂದರೆ ಮೀಟರುಗಳು ಮಾತ್ರ.

ಆದರೆ ಅವಳು ತುಟಿ ಬಿಚ್ಚಲಾಗದ ಒಂದು ಜಾಗವಿತ್ತು: ನಮ್ಮ ನೆಲಮಾಳಿಗೆ. ಹದಿನಾರು ಮನೆಗಳ ಮೀಟರೂ ಅಲ್ಲಿನ ಗುಂಡಿಯೊಂದರ ಗೋಡೆಗೆ ಸಾಲಾಗಿ ಕೂತಿವೆ. ಅಲ್ಲಿ ದೀಪವಿಲ್ಲ. ಒಂದು ಕೈಯಲ್ಲಿ ಮೀಟರಿನ ಗಾಜಿನ ಮೇಲಿನ ಕೆಸರು ಒರೆಸಬೇಕು, ಇನ್ನೊಂದರಲ್ಲಿ ಪುಸ್ತಕ ಹಿಡಿಯಬೇಕು. ಹಾಗಾಗಿ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿದ್ದ ಕಿರುಬೆರಳುದ್ದದ ಟಾರ್ಚನ್ನು ಅವಳು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಬೀಗದ ಕೈಗಳೆಲ್ಲ ಗದ್ದದ ಕೆಳಗೆ ಮೇಕೆಯ ಗಂಟೆಯ ಹಾಗೆ ಜೋಲಾಡುತ್ತಿದ್ದವು.

ಇದು ನಮ್ಮವರಿಗೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ದೆಸಾಂಕಾ ಟಾರ್ಚು ಕಚ್ಚಿದಳೆಂದರೆ ಮೆಟ್ಟಿಲ ಮೇಲೆ ಕುಂದುಕೊರತೆ ಸಭೆ ಸೇರಿತೆಂದೇ ಅರ್ಥ. ಒಬ್ಬೊಬ್ಬರೇ ಬಂದು ಹೇಳಬೇಕಾದ್ದನ್ನೆಲ್ಲ ಹೇಳಿ, ಅವಳ ‘ಊಂ’ ಕೇಳಿಸಿಕೊಂಡು, ಅವಳು ಮೇಲೇಳುವಷ್ಟರಲ್ಲಿ ಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಾನು ಅಂಚೆ ಕಚೇರಿಯಿಂದ ನಿವೃತ್ತನಾದವನು. ಬೇರೆ ಯಾರೂ ಒಪ್ಪದ ಕಾರಣ ಹನ್ನೊಂದು ವರ್ಷದಿಂದ ಕಟ್ಟಡದ ಸಮಿತಿಗೆ ಅಧ್ಯಕ್ಷ. ನೆಲಮಾಳಿಗೆಯ ಬಾಗಿಲು ತೆಗೆದು ನಿಲ್ಲುವುದು ನನ್ನ ಕೆಲಸವಾದ್ದರಿಂದ ಆ ಊಂಕಾರಗಳನ್ನೆಲ್ಲ ಕೇಳಿದ್ದೇನೆ. ಕೆಲವು ‘ಊಂ’ಗಳಿಗೆ ಮೈ ಜುಮ್ಮೆನ್ನುತ್ತಿತ್ತು.

ಸೆಪ್ಟೆಂಬರಿನ ಕೊನೆಯ ವಾರ, ಗುರುವಾರ ಬೆಳಿಗ್ಗೆ. ಹಿತ್ತಲಲ್ಲಿ ಎಲ್ಲರೂ ಅಯ್ವಾರ್ ಮಾಡುವ ಸಡಗರದಲ್ಲಿದ್ದರು. ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟ ಘಮಲು ಐದನೆಯ ಮಹಡಿಯವರೆಗೂ ಏರಿತ್ತು. ಸುಟ್ಟು, ಸಿಪ್ಪೆ ತೆಗೆದು, ಅರೆದು, ಎಣ್ಣೆಯಲ್ಲಿ ತಳ ಬಿಡುವ ತನಕ ತಿರುವಬೇಕಾದ ಪದಾರ್ಥ ಅದು. ನಮ್ಮೂರಲ್ಲಿ ಮನುಷ್ಯನನ್ನು ಕಳ್ಳ ಎಂದರೂ ತಡೆದುಕೊಂಡಾನು, ನಿನ್ನ ಅಯ್ವಾರ್ ನೀರಾಗಿದೆ ಎಂದರೆ ತಡೆದುಕೊಳ್ಳುವುದಿಲ್ಲ.

ಮೂರನೆಯ ಮಹಡಿಯ ದೊಬ್ರಿವೊಯೆ ಖಾಲಿ ಜಾಡಿ ತರಲು ನೆಲಮಾಳಿಗೆಗೆ ಇಳಿದರು. ರೈಲ್ವೆಯಲ್ಲಿ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಅಡುಗೆಯನ್ನೂ ಇಂಜಿನ್ನಿನಂತೆ ನೋಡುವವರು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಟಾರ್ಚು ಕಚ್ಚಿ ಬಗ್ಗಿದ್ದ ದೆಸಾಂಕಾಳನ್ನು ಕಂಡದ್ದೇ ಅವರ ಮುಖ ಅರಳಿತು.

“ಮೂರನೇ ಮಹಡಿಗೆ ನೀರು ಹತ್ತೋದೇ ಇಲ್ಲ ಕಣಮ್ಮ.”

“ಊಂ.”

“ಬಂದ್ರೂ ಮುದುಕನ ಉಚ್ಚೆ ಥರ ಬರುತ್ತೆ.”

“ಊಂಊಂ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ದೊಬ್ರಿವೊಯೆ ಜಾಡಿಗಳನ್ನು ಎದೆಗವಚಿಕೊಂಡು ಹೊರಟವರು ತಿರುಗಿ ನಿಂತರು. “ಅಂದಹಾಗೆ, ಹೋದ ವರ್ಷ ನೀನು ಕೊಟ್ಟ ಅಯ್ವಾರ್ ತಿಂದೆ. ಪರವಾಗಿಲ್ಲ, ಚೆನ್ನಾಗಿತ್ತು. ಯಾವ ಅಂಗಡೀದು?”

ದೆಸಾಂಕಾ ಬಾಯಿ ತೆರೆದಳು.

“ಅಂಗಡೀದಾ?”

ಟಾರ್ಚು, ಬೀಗದ ಕೈಗಳ ಸಮೇತ, ಒಂದಾಳುದ್ದದ ಗುಂಡಿಗೆ ಬಿತ್ತು. ಕಬ್ಬಿಣದ ಕೊಳವೆಗೆ ಟಣ್ಣೆಂದು ಬಡಿದು ಆರಿಹೋಯಿತು. ಆ ಕತ್ತಲಲ್ಲಿ ಅವಳ ದನಿ ಮಾತ್ರ ಕೇಳುತ್ತಿತ್ತು. ಅಯ್ವಾರಿನಿಂದ ಶುರುಮಾಡಿ, ಮೂರನೆಯ ಮಹಡಿಗೆ ಬಂದು, ಅಲ್ಲಿಂದ ಹಿಂದಿನ ವರ್ಷಗಳಿಗೆ ಹೋದಳು. ದೊಬ್ರಿವೊಯೆ ಮರೆತೇಬಿಟ್ಟಿದ್ದ ದೂರುಗಳಿಗೆಲ್ಲ ತಾರೀಖು ಹೇಳಿ ಹೇಳಿ ಉತ್ತರ ಕೊಟ್ಟಳು. ನಾನು ಫೋನಿನ ದೀಪ ಹಚ್ಚಿದಾಗ ಅವರು ಜಾಡಿಗಳನ್ನು ಗುರಾಣಿಯಂತೆ ಹಿಡಿದು ಗೋಡೆಗೆ ಅಂಟಿಕೊಂಡಿದ್ದರು.

“ತಪ್ಪಾಯ್ತು ತಾಯಿ, ನಾನೇ ಇಳಿದು ತೆಗೀತೀನಿ” ಎಂದರು. ಅವರ ಹೊಟ್ಟೆ ಗುಂಡಿಯ ಬಾಯಲ್ಲಿ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಒಳಗೆ ಹೋಯಿತು.

ಟಾರ್ಚು ಸಿಕ್ಕಿತು. ಗಾಜಿನಲ್ಲಿ ಕೂದಲೆಳೆಯಂಥ ಬಿರುಕು. ಹಿಂದಿನ ಮುಚ್ಚಳ ಜಜ್ಜಿಹೋಗಿತ್ತು. ದೆಸಾಂಕಾ ಒತ್ತಿದಳು, ಅಂಗೈಗೆ ಬಡಿದಳು, ಊದಿದಳು. ಹತ್ತಲಿಲ್ಲ.

“ಸದ್ಯಕ್ಕೆ ನನ್ನ ಫೋನು ಇಟ್ಟುಕೋ” ಎಂದೆ ನಾನು.

“ಫೋನ್ ಕಚ್ಚಕ್ಕಾಗುತ್ತಾ ಅಧ್ಯಕ್ಷರೇ? ನಾನೇನು ಮೊಸಳೆನಾ?”

ದೊಬ್ರಿವೊಯೆ ಟಾರ್ಚನ್ನು ಅವಳ ಕೈಯಿಂದ ತೆಗೆದುಕೊಂಡರು. “ನಲವತ್ತು ವರ್ಷ ರೈಲಿನ ಇಂಜಿನ್ ಬಿಚ್ಚಿ ಜೋಡಿಸಿದೋನು ನಾನು. ಇದು ಕಿರುಬೆರಳಷ್ಟಿಲ್ಲ. ಐದು ನಿಮಿಷ.”

ಹಿತ್ತಲಿನ ಒಲೆಯ ಮುಂದೆ ಅವರ ಹೆಂಡತಿ ರುಝಿತ್ಸಾ ದೊಡ್ಡ ಹಂಡೆಯಲ್ಲಿ ಅಯ್ವಾರ್ ತಿರುವುತ್ತಿದ್ದರು. ಸುದ್ದಿ ಕೇಳಿ ಸೌಟು ನಿಲ್ಲಿಸದೆಯೇ ಅಂದರು: “ಕಿರುಬೆರಳಷ್ಟಿಲ್ಲ ಅನ್ನೋದೇ ಭಯ. ರೀ, ನೀವು ನನ್ನ ಕೈಗಡಿಯಾರ ರಿಪೇರಿ ಮಾಡಿದ್ದು ನೆನಪಿದೆಯಾ?”

“ಅದು ಆಗ್ಲೇ ಕೆಟ್ಟಿತ್ತು.”

“ಹೌದು, ಆದ್ರೆ ಕೈಗೆ ಕಟ್ಕೊಳ್ಳೋ ಹಾಗಾದ್ರೂ ಇತ್ತು.”

ದೊಬ್ರಿವೊಯೆ ಮನೆಯಿಂದ ಎರಡು ಪಾನಾ ತಂದರು. ಒಂದೊಂದೂ ಮೊಣಕೈಯುದ್ದ. ಒಲೆಯ ಪಕ್ಕದ ಮೇಜಿನ ಮೇಲೆ ಟಾರ್ಚನ್ನು ಮಲಗಿಸಿ, ತಲೆಗೊಂದು ಪಾನಾ, ಬಾಲಕ್ಕೊಂದು ಪಾನಾ ಹಾಕಿ ತಿರುಗಿಸಿದರು. ಪಾನಾ ಜಾರಿತು, ಟಾರ್ಚಿನ ಮೈಮೇಲೆ ಗರಗಸದಂಥ ಗುರುತು ಎದ್ದಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ದೆಸಾಂಕಾ ಕಣ್ಣು ಮುಚ್ಚಿಕೊಂಡಳು. ನಾಲ್ಕನೆಯ ಸಲ ಮುಚ್ಚಳ ಕಳಚಿತು. ಬ್ಯಾಟರಿ ಮೇಜಿನ ಮೇಲೆ ಉರುಳಿತು. ಒಳಗಿದ್ದ ಪುಟ್ಟ ಸ್ಪ್ರಿಂಗು ಟಿಣ್ ಎಂದು ಹಾರಿತು.

ಹಾರಿದ್ದನ್ನು ಎಲ್ಲರೂ ಕಂಡೆವು. ಬಿದ್ದದ್ದನ್ನು ಕಂಡವರು ರುಝಿತ್ಸಾ ಒಬ್ಬರೇ.

“ಹಂಡೆಗೆ ಬಿತ್ತು” ಎಂದರು.

“ಸಾಧ್ಯವೇ ಇಲ್ಲ!” ಎಂದು ದೊಬ್ರಿವೊಯೆ ಹುಲ್ಲಿನ ಮೇಲೆ ನಾಲ್ಕು ಕಾಲಲ್ಲಿ ನಿಂತರು. ನನ್ನನ್ನೂ ನಿಲ್ಲಿಸಿದರು. ಹತ್ತು ನಿಮಿಷ ಹುಡುಕಿದೆವು.

“ಹುಲ್ಲಲ್ಲಿ ಹುಡುಕಿದ್ರೆ ಹುಲ್ಲು ಸಿಗುತ್ತೆ ಕಣ್ರೀ” ಎಂದರು ರುಝಿತ್ಸಾ. “ಪ್ಲಪ್ ಅಂತ ಬಿದ್ದಿದ್ದು ನಾನು ಕೇಳಿಸ್ಕೊಂಡೆ.”

“ನಲವತ್ತು ಕಿಲೋ ಮೆಣಸಿನಕಾಯಿ!” ದೊಬ್ರಿವೊಯೆ ತಲೆ ಹಿಡಿದುಕೊಂಡರು.

“ಚಿಂತೆ ಯಾಕಣ್ಣ, ಹಾಗೇ ಜಾಡಿಗೆ ತುಂಬಿಬಿಡಿ” ಎಂದಳು ದೆಸಾಂಕಾ. “ಚಳಿಗಾಲದಲ್ಲಿ ಯಾರ ಹಲ್ಲಿಗೆ ಸಿಗುತ್ತೋ ಅವರು ನನಗೆ ತಂದುಕೊಡಲಿ. ಅಂಗಡೀದರಲ್ಲಿ ಇಂಥ ಸೌಲಭ್ಯ ಇರಲ್ಲ.”

ದೊಬ್ರಿವೊಯೆಗೆ ಕೊನೆಗೆ ಇಂಜಿನ್ ಬುದ್ಧಿಯೇ ಕೈಹಿಡಿಯಿತು. ಹಳೆಯ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಿದರು. ಕುದಿಯುವ ಹಂಡೆಗೆ ಚೀಲ ಇಳಿಸಬೇಡಿ, ಕರಗುತ್ತೆ ಎಂದು ರುಝಿತ್ಸಾ ಕೂಗಿದ್ದರಿಂದ ಚೀಲ ತೆಗೆದು, ಅಯಸ್ಕಾಂತವನ್ನು ಬ್ರಾಂದಿಯಲ್ಲಿ ತೊಳೆದು, ಬರಿಮೈಯಲ್ಲೇ ಇಳಿಸಿದರು. ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ನಾವೆಲ್ಲ ಹಂಡೆಯ ಸುತ್ತ ನಿಂತೆವು.

ಮೊದಲ ಸಲ ಎಳೆದಾಗ ಒಂದು ಪುಟ್ಟ ಚಾಕು ಬಂತು.

ರುಝಿತ್ಸಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅಯ್ಯೋ, ಇದನ್ನ ನಿಮ್ಮ ತಂಗಿ ಎತ್ಕೊಂಡು ಹೋದಳು ಅಂತ ಬೆಳಿಗ್ಗೆಯಿಂದ ಮೂರು ಜನಕ್ಕೆ ಹೇಳಿದೀನಲ್ರೀ!”

ಎರಡನೆಯ ಸಲ ಸ್ಪ್ರಿಂಗು ಬಂತು. ನಾವು ಚಪ್ಪಾಳೆ ತಟ್ಟಿದೆವು. ಐದನೆಯ ಮಹಡಿಯ ಬಾಲ್ಕನಿಯಿಂದಲೂ ಚಪ್ಪಾಳೆ ಕೇಳಿಸಿತು. ಅದರ ಬೆನ್ನಿಗೇ ದೆಸಾಂಕಾಳ ಮೂಗು ಅರಳಿತು.

“ತಿರುವುತ್ತಿರೋರು ಯಾರು?” ಎಂದಳು.

ಯಾರೂ ತಿರುವುತ್ತಿರಲಿಲ್ಲ. ಸೌಟು ರುಝಿತ್ಸಾರ ಕೈಯಲ್ಲಿತ್ತು, ರುಝಿತ್ಸಾ ಚಾಕು ನೋಡುತ್ತಿದ್ದರು. ದೆಸಾಂಕಾ ಮೀಟರಿನ ಪುಸ್ತಕವನ್ನು ನನ್ನತ್ತ ಎಸೆದು ಸೌಟು ಕಿತ್ತುಕೊಂಡಳು. “ಬೆಂಕಿ ತೆಗೀರಿ! ಇನ್ನೊಂದು ಪಾತ್ರೆ ತನ್ನಿ! ತಳ ಕೆರೀಬೇಡಿ, ತಳ ಕೆರೆದೋರ ಕೈ ಮುರೀತೀನಿ!” ಮೇಲಿನದನ್ನೆಲ್ಲ ಅವಳೇ ಎತ್ತಿ ಎತ್ತಿ ಬೇರೆ ಪಾತ್ರೆಗೆ ಹಾಕಿದಳು. ಹಂಡೆಯ ತಳದಲ್ಲಿ ಕರಿ ರೊಟ್ಟಿಯಂತೆ ಒಂದು ಪದರ ಉಳಿಯಿತು, ಉಳಿದದ್ದೆಲ್ಲ ಬದುಕಿಕೊಂಡಿತು.

ದೊಬ್ರಿವೊಯೆ ಬ್ರೆಡ್ಡಿನ ತುಂಡಿಗೆ ಒಂದಿಷ್ಟು ಬಳಿದು ಅವಳ ಮುಂದೆ ಹಿಡಿದರು. ಅವಳು ನಿಧಾನವಾಗಿ ಅಗಿದಳು. ಆಕಾಶ ನೋಡಿದಳು. ಮತ್ತೆ ಅಗಿದಳು.

“ಇನ್ನೂ ಅರ್ಧ ಗಂಟೆ ತಿರುವಬೇಕು. ಉಪ್ಪು ಸಾಲದು” ಎಂದಳು. “ಅಂಗಡೀದಲ್ಲ ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ.”

ದೊಬ್ರಿವೊಯೆಯನ್ನು ಸೌಟಿಗೆ ಹಚ್ಚಿ ಅವಳು ಟಾರ್ಚಿನ ಮುಂದೆ ಕೂತಳು. ಸ್ಪ್ರಿಂಗನ್ನು ಬ್ರಾಂದಿಯಲ್ಲಿ ತೊಳೆದು ಒರೆಸಿ ಒಂಚೂರು ಹಿಗ್ಗಿಸಿದಳು. ರುಝಿತ್ಸಾರ ಉಗುರು ಉಜ್ಜುವ ಅರದಿಂದ ಮುಚ್ಚಳದ ಜಜ್ಜಿದ ಅಂಚನ್ನು ಸವರಿದಳು. ದೊಬ್ರಿವೊಯೆ ಒಲೆಯ ಹತ್ತಿರದಿಂದಲೇ ಓಡಿಬಂದು, “ಬ್ಯಾಟರಿ ನಾನು ಹಾಕ್ತೀನಿ” ಎಂದು ಹಾಕಿ ತಿರುಪಿದರು. ಹತ್ತಲಿಲ್ಲ. ದೆಸಾಂಕಾ ಬಿಚ್ಚಿ ನೋಡಿ, ಬ್ಯಾಟರಿಯನ್ನು ತಿರುಗಿಸಿ ಹಾಕಿದಳು. ಹತ್ತಿತು.

“ರೈಲಿನ ಇಂಜಿನ್ನಿಗೆ ಹಿಂದೆ ಮುಂದೆ ಎರಡೂ ಒಂದೇ, ಅಲ್ವಾ ಅಣ್ಣ?”

“ಸೌಟು ಬಿಟ್ಟು ಬಂದಿದ್ದೀರಿ” ಎಂದರು ರುಝಿತ್ಸಾ.

ಆದರೆ ಕಚ್ಚಿದ ತಕ್ಷಣ ದೆಸಾಂಕಾ ‘ಆಯ್!’ ಎಂದು ಟಾರ್ಚು ತೆಗೆದಳು. ಪಾನಾ ಎಬ್ಬಿಸಿದ ಚೂಪು ಗೀರು ತುಟಿಗೆ ತಾಗಿ ರಕ್ತ ಬಂದಿತ್ತು. ದೊಬ್ರಿವೊಯೆ, “ಕೊಡು, ಉಜ್ಜಿ ನಯ ಮಾಡ್ತೀನಿ” ಎಂದು ಕೈ ಚಾಚಿದರು. ನಾವು ಮೂವರೂ ಒಟ್ಟಿಗೆ “ಬೇಡ!” ಎಂದೆವು. ರುಝಿತ್ಸಾ ಒಳಗೆ ಹೋಗಿ ಗಂಡನ ಹಳೆಯ ಪೈಜಾಮದ ಎಲಾಸ್ಟಿಕ್ ಕತ್ತರಿಸಿ ತಂದರು. ದೆಸಾಂಕಾಳ ಟೋಪಿಯ ಕಿವಿಯ ಪಕ್ಕಕ್ಕೆ ಎರಡು ಕುಣಿಕೆ ಹೊಲಿದು ಟಾರ್ಚನ್ನು ಸಿಕ್ಕಿಸಿದರು. ಅವಳು ತಲೆ ತಿರುಗಿಸಿದ ಕಡೆ ಬೆಳಕು ಹೋಯಿತು. ಎರಡು ಕೈಯೂ ಖಾಲಿ, ಬಾಯಿಯೂ ಖಾಲಿ.

ಬಾಯಿ ಖಾಲಿಯಾದದ್ದರ ಅರ್ಥ ಅಂದು ಯಾರಿಗೂ ಹೊಳೆಯಲಿಲ್ಲ. ಅಕ್ಟೋಬರಿನಲ್ಲಿ ಹೊಳೆಯಿತು. ನಾಲ್ಕನೆಯ ಮಹಡಿಯ ಸಂಗೀತದ ಮೇಷ್ಟ್ರು ಎಂದಿನಂತೆ ಮೆಟ್ಟಿಲ ಮೇಲೆ ನಿಂತು, “ಕೊಳವೆ ಕೂಗುತ್ತೆ, ಅದೂ ಶ್ರುತಿ ತಪ್ಪಿ” ಎಂದರು. ‘ಊಂ’ ಬರಲಿಲ್ಲ. ಟೋಪಿಯ ಬೆಳಕು ನಿಧಾನವಾಗಿ ಅವರ ಮುಖದ ಮೇಲೆ ತಿರುಗಿತು. ಮುಕ್ಕಾಲು ಗಂಟೆಯ ನಂತರ ಅವರು ಹೊರಗೆ ಬಂದಾಗ, ನನಗೂ ಬೀದಿ ನಾಯಿಗೂ ಇಬ್ಬರಿಗೂ ಕ್ಷಮೆ ಕೇಳಿ ಮೇಲೆ ಹೋದರು.

ಆದರೂ ಜನ ಬರುವುದು ನಿಲ್ಲಲಿಲ್ಲ, ಹೆಚ್ಚಾಯಿತು. ಮೊದಲು ದೂರು ಹೇಳಿ ಓಡುತ್ತಿದ್ದವರು ಈಗ ಜಗಳ ಕೇಳಲೆಂದೇ ಸ್ಟೂಲು, ಕಾಫಿ ಹಿಡಿದು ಇಳಿಯುತ್ತಾರೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ನವೆಂಬರಿನಲ್ಲಿ ಅವಳ ಕಚೇರಿಯಿಂದ ನನಗೊಂದು ಪತ್ರ ಬಂತು: ಒಂದೇ ಕಟ್ಟಡದಲ್ಲಿ ಇಷ್ಟು ವಿಳಂಬವೇಕೆ, ಲಿಖಿತ ವಿವರಣೆ ಕೊಡಿ. ಬದುಕಿಡೀ ಪರರ ಕಾಗದ ಹಂಚಿದವನು ನಾನು. ಇಂಥ ಕಷ್ಟದ ಕಾಗದ ಬರೆದವನಲ್ಲ. ಮೂರು ದಿನ ಕೂತು, ‘ನಮ್ಮ ನಿವಾಸಿಗಳಲ್ಲಿ ಕುಡಿಯುವ ನೀರಿನ ಬಗ್ಗೆ ಆಸಕ್ತಿ ಬಹಳ ಹೆಚ್ಚಿದೆ’ ಎಂದು ಒಂದು ಸಾಲು ಬರೆದು ಮೊಹರು ಒತ್ತಿ ಕಳಿಸಿದೆ. ಅದಕ್ಕೆ ಕಚೇರಿಯವರು ನಮ್ಮ ಕಟ್ಟಡಕ್ಕೆ ಒಂದು ಪ್ರಶಂಸಾಪತ್ರ ಕಳಿಸಿದ್ದಾರೆ.