ಅಕ್ಕನ ಬಣ್ಣ

ನನ್ನ ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಮಾತು, ನಗು, ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆಯುತ್ತಿದ್ದ ರೀತಿ, ಎಲ್ಲವನ್ನೂ ಹೇಳಬಲ್ಲೆ. ಆದರೆ ಅವಳ ಮೈಬಣ್ಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಕಪ್ಪಗಿದ್ದಳು ಎಂದು ಹೇಳಬಹುದು. ಕಪ್ಪಿನಲ್ಲಿ ಎಷ್ಟು ಬಗೆ ಇವೆ ಎಂಬುದು ನನ್ನಂಥವನಿಗೆ ಗೊತ್ತಿರಬೇಕಿತ್ತು, ಏಕೆಂದರೆ ಹದಿನೈದು ವರ್ಷಗಳಿಂದ ಫೋಟೋ ತೆಗೆಯುವುದೇ ನನ್ನ ಕಸುಬು.

ಡಿಗ್ರಿ ಮುಗಿಸಿ ಎಲ್ಲೂ ಕೆಲಸ ಸಿಗದೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿದ್ದ ಒಂದು ಸ್ಟುಡಿಯೋಗೆ ಸೇರಿಕೊಂಡಿದ್ದೆ. ಮಾಲೀಕರನ್ನು ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಅವರು ಅಂಗಡಿಗೆ ಬಂದರೆ ನಮ್ಮಂತೆಯೇ ಕನ್ನಡದವರು. ರೀಲಿನ ಕ್ಯಾಮೆರಾದಲ್ಲಿ ಕೈ ಪಳಗಿಸಿಕೊಂಡಿದ್ದ ಅವರು ಡಿಜಿಟಲ್ ಕ್ಯಾಮೆರಾ ತರಿಸಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಆ ಕ್ಯಾಮೆರಾ ಹಿಡಿಯಲು ಕಲಿಸಿದ ಮೊದಲ ವಾರದಲ್ಲೇ ಅವರು ಒಂದು ಮಾತು ಹೇಳಿಕೊಟ್ಟರು. ಕ್ಯಾಮೆರಾಗೆ ಮನುಷ್ಯರ ಪರಿಚಯವಿಲ್ಲ. ಎದುರಿಗಿದ್ದ ಬೆಳಕನ್ನೆಲ್ಲ ಅಳೆದು ಅದು ಚಿತ್ರವನ್ನು ಒಂದು ನಡುಮಟ್ಟಕ್ಕೆ ತರುತ್ತದೆ. ಬಿಳಿ ಗೋಡೆಯ ಮುಂದೆ ಕಪ್ಪಗಿನವರನ್ನು ಕೂರಿಸಿದರೆ ಅದು ಗೋಡೆಯನ್ನು ನೋಡಿ ಬೆಳಕು ತಗ್ಗಿಸಿಬಿಡುತ್ತದೆ, ಮುಖ ಇದ್ದದ್ದಕ್ಕಿಂತ ಹೆಚ್ಚು ಕಪ್ಪಾಗಿ ಬರುತ್ತದೆ. ಹಾಗಾಗದಂತೆ ಹೆಬ್ಬೆರಳ ಕೆಳಗಿನ ಚಕ್ರವನ್ನು ಪ್ಲಸ್ ಕಡೆಗೆ ತಿರುಗಿಸಬೇಕು. ಒಂದೊಂದು ಸಲ ಕಟಕ್ ಎಂದಾಗಲೂ ಒಂದಿಷ್ಟು ಬೆಳಕು ಹೆಚ್ಚು ಒಳಗೆ ಬರುತ್ತದೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ನ್ಯಾಯವಾದ ಕೆಲಸವೇ ಆಗಿರುತ್ತಿತ್ತು. ಗಿರಾಕಿಗಳು ನಿಲ್ಲಿಸಲು ಬಿಡುತ್ತಿರಲಿಲ್ಲ. ಉಸ್ತಾದ್ ಒಮ್ಮೆ ಹೇಳಿದ್ದರು: “ಬೇಟಾ, ಗಿರಾಕಿ ತನ್ನ ಮಾರಿ ಕೇಳಾಂಗಿಲ್ಲ. ಬೆಳ್ಳನ ಮಾರಿ ಕೇಳ್ತಾನ. ಕೊಟ್ಟು ಕಳಸು.”

ನಾನು ಕೊಟ್ಟು ಕಳಿಸುವುದನ್ನು ಬೇಗ ಕಲಿತೆ. ಒಂದು ಪ್ಲಸ್, ಒಂದೂವರೆ ಪ್ಲಸ್. ಟ್ಯೂಬ್‌ಲೈಟಿನ ಕೆಳಗೆ ಮುಖಕ್ಕೆ ಬರುವ ಹಸಿರು ಛಾಯೆ ತೆಗೆಯಲು, ಬಲ್ಬಿನ ಹಳದಿ ತಗ್ಗಿಸಲು ವೈಟ್ ಬ್ಯಾಲೆನ್ಸ್ ಬದಲಿಸುವುದನ್ನು ಕಲಿತೆ. ಆಮೇಲೆ ಅದರಲ್ಲೇ ಒಂದಿಷ್ಟು ಗುಲಾಬಿ ಬೆರೆಸುವುದನ್ನು ನಾನಾಗಿಯೇ ಕಂಡುಕೊಂಡೆ. ಮೂರು ವರ್ಷದ ಮೇಲೆ ಊರಿಗೆ ಮರಳಿ ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಸ್ವಂತ ಸ್ಟುಡಿಯೋ ತೆರೆದೆ. ನನ್ನ ಕೈಯಲ್ಲಿ ಎಲ್ಲರೂ ಬೆಳ್ಳಗೆ ಬರುತ್ತಾರೆ ಎಂಬ ಹೆಸರು ಸುರಪುರದವರೆಗೂ ಹೋಯಿತು. ಹೆಣ್ಣಿಗೆ ಗಂಡು ನೋಡುವವರು ಫೋಟೋಕ್ಕೆ ನನ್ನ ಹತ್ತಿರವೇ ಬರತೊಡಗಿದರು.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಅವ್ವ, ಅಕ್ಕ, ನಾನು, ಮೂವರೇ. ಅಕ್ಕ ವನದುರ್ಗದ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ದಿನಾ ಬಸ್ಸಿಗೆ ಹೋಗಿ, ಮುಖದ ತುಂಬ ಧೂಳು ಹೊತ್ತು ಬಂದು, ಬಚ್ಚಲಿನಲ್ಲಿ ಮುಖ ತೊಳೆಯುತ್ತಲೇ ಅವತ್ತು ಯಾವ ಹುಡುಗಿ ಏನು ಹೇಳಿದಳು ಎಂದು ಶುರುಮಾಡುತ್ತಿದ್ದಳು. ಅವಳಿಗೆ ಗಂಡು ನೋಡಲು ಆರಂಭಿಸಿದಾಗ ಫೋಟೋ ತೆಗೆಯುವ ಕೆಲಸ ಸಹಜವಾಗಿ ನನ್ನದಾಯಿತು. ಊರವರ ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ನನ್ನ ಅಕ್ಕನಿಗೆ ಮಾಡದೆ ಇರುತ್ತೇನೆಯೇ? ಇನ್ನೂ ಎರಡು ಸಲ ಹೆಚ್ಚೇ ಕಟಕ್ ಎನಿಸಿದೆ. ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡಿ ಅಕ್ಕ ನಕ್ಕಳು. ಯಾರೋ ಇವಳು, ನನಗೂ ಪರಿಚಯ ಮಾಡಿಸು ಎಂದಳು.

ಆ ಫೋಟೋ ನೋಡಿಕೊಂಡು ಸುರಪುರದಿಂದ ಒಂದು ಮನೆಯವರು ಬಂದರು. ಅಕ್ಕ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಹುಡುಗನ ದೊಡ್ಡಮ್ಮ ಕೈಯಲ್ಲಿದ್ದ ಫೋಟೋ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

“ಫೋಟೋದಾಗಿನಾಕಿ ನಿನ್ನ ತಂಗೇನವಾ?”

“ಹೌದ್ರಿ,” ಎಂದಳು ಅಕ್ಕ. “ಆಕಿ ಫೋಟೋ ಬಿಟ್ಟು ಹೊರಗ ಬರಾಂಗಿಲ್ರಿ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವ್ವ ಅಕ್ಕನ ನಾಲಿಗೆಯನ್ನು ಬೈದಳು, ನನ್ನ ಫೋಟೋವನ್ನು ಬೈಯಲಿಲ್ಲ. ನನಗೂ ತಪ್ಪು ನನ್ನದು ಎನಿಸಲಿಲ್ಲ. ಆಮೇಲೆ ಇನ್ನೂ ಮೂರು ಕಡೆಯವರು ಬಂದರು, ಮೂವರಿಗೂ ಅದೇ ಫೋಟೋ ಹೋಗಿತ್ತು, ಮೂವರೂ ಹಾಗೆಯೇ ಎದ್ದು ಹೋದರು. ಪ್ರತಿ ಸಲವೂ ಅಕ್ಕ ತಟ್ಟೆಯಲ್ಲಿ ಉಳಿದ ಚಹಾದ ಕಪ್ಪುಗಳನ್ನು ತಾನೇ ಒಯ್ದು ತೊಳೆದಿಡುತ್ತಿದ್ದಳು.

ಕೊನೆಗೆ ಅವಳನ್ನು ಕೇಳಿಕೊಂಡು ಬಂದವರು ಫೋಟೋ ನೋಡಿದವರೇ ಅಲ್ಲ. ನಾರಾಯಣಪುರದ ಡ್ಯಾಮಿನ ಮೇಲೆ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಅಕ್ಕನ ಮಗಳನ್ನು ಬಿಡಲು ವನದುರ್ಗದ ಶಾಲೆಗೆ ಬಂದಿದ್ದರಂತೆ. ಅಂಗಳದ ಬೇವಿನ ಮರದ ಕೆಳಗೆ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ ಅಕ್ಕನನ್ನು ಕಂಡು, ವಿಚಾರಿಸಿ, ಮನೆಯವರನ್ನು ಕಳಿಸಿದ್ದರು. ಅವ್ವ ರೂಢಿಯಂತೆ ಫೋಟೋ ಕೊಡಲು ಹೋದರೆ ಬೇಡ, ಹುಡುಗ ಆಗಲೇ ನೋಡಿದ್ದಾನೆ ಎಂದರು.

ಮದುವೆಯ ಹಿಂದಿನ ದಿನ ಅಕ್ಕ ಸ್ಟುಡಿಯೋಗೆ ಬಂದಳು. ನಾನು ಬ್ಯಾಟರಿ ಚಾರ್ಜ್ ಮಾಡುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕುಳಿತು ಹೇಳಿದಳು: “ತಮ್ಮಾ, ನನ್ನ ಮದಿವ್ಯಾಗರೆ ನನ್ನ ಬಣ್ಣ ನನಗ ಬಿಡು.”

ಆಯಿತು ಎಂದೆ. ಅವಳ ಎದುರಿಗೇ ಚಕ್ರವನ್ನು ಸೊನ್ನೆಗೆ ತಂದು ತೋರಿಸಿದೆ.

ಮರುದಿನ ಬೆಳಿಗ್ಗೆ ಕಲ್ಯಾಣ ಮಂಟಪದ ಕೋಣೆಯಲ್ಲಿ ಅವಳಿಗೆ ಹೂ ಮುಡಿಸುವಾಗ ಮಾತಿನಂತೆಯೇ ಒಂದು ಫೋಟೋ ತೆಗೆದೆ. ಮಂಟಪಕ್ಕೆ ಬಂದ ಮೇಲೆ ಗಂಡಿನ ಕಡೆಯ ಹೆಂಗಸರಿಬ್ಬರು ನನ್ನ ಹಿಂದೆ ನಿಂತು ಕ್ಯಾಮೆರಾದ ಸ್ಕ್ರೀನ್ ನೋಡತೊಡಗಿದರು. ಒಬ್ಬಾಕೆ, ಹುಡುಗಿ ಭಾಳ ಕಪ್ಪು ಬರಾಕತ್ತಾಳಲ್ಲ ಎಂದರು. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ, ನನ್ನ ಕೆಲಸದಲ್ಲಿ ಕೊರತೆ ಕಂಡು ಹೇಳಿದಂತಿತ್ತು. ನನ್ನ ಹೆಬ್ಬೆರಳು ತಾನಾಗಿಯೇ ಚಕ್ರದ ಮೇಲೆ ಹೋಯಿತು. ಹಾಗೆಂದು ಬರೆಯುವುದು ಸುಲಭ. ನಿಜ ಹೇಳಬೇಕೆಂದರೆ ನಾನೇ ತಿರುಗಿಸಿದೆ. ಫ್ಲ್ಯಾಶನ್ನೂ ಏರಿಸಿದೆ. ಅಕ್ಷತೆ ಬಿದ್ದದ್ದು, ಮಾಲೆ ಹಾಕಿದ್ದು, ಅವ್ವ ಅತ್ತದ್ದು, ಎಲ್ಲವೂ ಆ ಬೆಳಕಿನಲ್ಲೇ ದಾಖಲಾದವು.

ಆಲ್ಬಮ್ ಆದ ಮೇಲೆ ನಾನೇ ನಾರಾಯಣಪುರದ ಕ್ವಾರ್ಟರ್ಸಿಗೆ ಒಯ್ದುಕೊಟ್ಟೆ. ಅಕ್ಕ ಒಂದು ಪುಟವನ್ನೂ ಬಿಡದೆ ನೋಡಿದಳು. ಕೊನೆಯ ಪುಟ ಮುಚ್ಚಿ ಹೇಳಿದ್ದು ಇಷ್ಟೇ: “ಸೀರಿ ಬಣ್ಣ ಚಂದ ಬಂದದ.”

ಆಮೇಲೆ ಅವಳು ನನ್ನ ಕ್ಯಾಮೆರಾದ ಎದುರು ನಿಲ್ಲಲಿಲ್ಲ. ಜಗಳವಾಡಿದ್ದಲ್ಲ, ಮುನಿಸಿಕೊಂಡದ್ದೂ ಅಲ್ಲ. ಹಬ್ಬಕ್ಕೆ ಬಂದಾಗ ನಾನು ಕ್ಯಾಮೆರಾ ತೆಗೆದರೆ ಇಲ್ಲಿ ಕೊಡು, ನಾ ತೆಗಿತೀನಿ ಎಂದು ಕೈಯಿಂದ ಇಸಿದುಕೊಳ್ಳುತ್ತಿದ್ದಳು. ಅವಳ ಮಗಳ ಹೆಸರಿಡುವ ದಿನ, ಮೊದಲ ಹುಟ್ಟುಹಬ್ಬ, ಎಲ್ಲದರಲ್ಲೂ ನಾವೆಲ್ಲ ಇದ್ದೇವೆ. ಅವಳು ಕ್ಯಾಮೆರಾದ ಈಚೆ ಇದ್ದಾಳೆ. ಗಂಡನ ಫೋನಿನಲ್ಲಿಯೂ ಅವಳ ಫೋಟೋ ಒಂದೂ ಇರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ತಡವಾಗಿ.

ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೊದಲು ಸಾದಾ ಜ್ವರ ಎಂದುಕೊಂಡರು, ಆಮೇಲೆ ಡೆಂಗಿ ಎಂದರು. ಐದನೆಯ ದಿನ ನಾನು ಆಸ್ಪತ್ರೆಗೆ ಹೋದಾಗ ಮಾತಾಡಿದಳು, ಮಗಳಿಗೆ ತಲೆ ಬಾಚಿದಿರಾ ಎಂದು ಕೇಳಿದಳು. ಏಳನೆಯ ದಿನ ಹೋಗಿಬಿಟ್ಟಳು. ಮಗುವಿಗೆ ಆಗ ಆರು ವರ್ಷ.

ಮೂರನೆಯ ದಿನದ ಕಾರ್ಯಕ್ಕೆ ಫೋಟೋ ಬೇಕಾಯಿತು. ನಾನು ಮದುವೆಯ ಫೋಟೋಗಳಲ್ಲಿ ಒಂದನ್ನು ಆರಿಸಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಒಯ್ದೆ. ಮಣೆಯ ಮೇಲೆ ಇಟ್ಟು ಮಾಲೆ ಹಾಕಿದರು. ಊಟ ಮುಗಿದು ಜನ ಚದುರಿದ ಮೇಲೆ ಮಗು ಆ ಫೋಟೋದ ಎದುರು ಬಂದು ನಿಂತಿತು. ಎಷ್ಟೋ ಹೊತ್ತು ನೋಡಿ ನನ್ನ ಕಡೆ ತಿರುಗಿ ಕೇಳಿತು:

“ಮಾಮಾ, ಅವ್ವನ ಫೋಟೋ ಯಾವಾಗ ತರ್ತಿ?”

ಭಾವ ಎದ್ದು ಹಿತ್ತಲಿಗೆ ಹೋದರು.

ಶಹಾಪುರಕ್ಕೆ ಬಂದವನೇ ಸ್ಟುಡಿಯೋದ ಬಾಗಿಲು ಅರ್ಧ ಎಳೆದುಕೊಂಡು ಹಳೆಯ ಹಾರ್ಡ್ ಡಿಸ್ಕ್ ಹಾಕಿ ಕುಳಿತೆ. ಕಂಪ್ಯೂಟರಿನಲ್ಲಿ ಬೆಳಕು ತಗ್ಗಿಸಿದರೆ ಆಯಿತು ಎಂದುಕೊಂಡಿದ್ದೆ. ತಗ್ಗಿಸಿದೆ. ಸೀರೆ ಕಪ್ಪಾಯಿತು, ಮಾಲೆ ಕಪ್ಪಾಯಿತು, ಅಕ್ಕನ ಹಣೆ, ಮೂಗು, ಕೆನ್ನೆ ಮಾತ್ರ ಬೂದಿಯಾದವು. ಬೆಳಕು ಮಿತಿ ಮೀರಿದ ಕಡೆ ಕ್ಯಾಮೆರಾ ಏನನ್ನೂ ಬರೆದುಕೊಂಡಿರುವುದಿಲ್ಲ. ಅಲ್ಲಿ ಅಡಗಿಕೊಂಡ ಬಣ್ಣ ಎಂಬುದಿಲ್ಲ, ಬರೀ ಖಾಲಿ. ಬೇರೆ ಬಣ್ಣ ತುಂಬಿ ನೋಡಿದೆ. ಮುಖಕ್ಕೆ ಸುಣ್ಣ ಬಳಿದು ಅದರ ಮೇಲೆ ಮಣ್ಣು ಸವರಿದಂತಾಯಿತು.

ಎರಡು ದಿನ ಹೆಣಗಿ ಯಾದಗಿರಿಗೆ ಹೋದೆ. ಉಸ್ತಾದ್ ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲಿಯೇ ಇದ್ದರು. ಲ್ಯಾಪ್‌ಟಾಪ್ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ಅಕ್ಕನನ್ನು ಬಲ್ಲವರು. ಅವಳು ಯಾದಗಿರಿಗೆ ಪರೀಕ್ಷೆ ಬರೆಯಲು ಬಂದಾಗ ಅವರ ಮನೆಯಲ್ಲೇ ಉಂಡಿದ್ದಳು. “ಚೆಲ್ಲಿದ ಬೆಳಕು ವಾಪಸ್ ಬರಾಂಗಿಲ್ಲ ಬೇಟಾ,” ಎಂದರು. “ಕತ್ತಲಾಗಿದ್ದ ಫೋಟೋ ಇದ್ದರ ಹುಡುಕು. ಕೆಟ್ಟು ಹೋಗ್ಯಾದ ಅಂತ ಬಿಟ್ಟಿರ್ತಿ ನೋಡು, ಅಂಥಾದ್ದು.” ನಾನು ಹೊರಡುವಾಗ ಬಾಗಿಲವರೆಗೆ ಬಂದರು. ನಾನೇ ನಿನಗೆ ಕಲಿಸಿದೆ ಎಂದು ಹೇಳಿ ನನ್ನ ಕೈ ಹಿಡಿದುಕೊಂಡರು.

ಅಂಥದೊಂದು ಸಿಕ್ಕಿತು. ಹೂ ಮುಡಿಸುವ ಕೋಣೆಯಲ್ಲಿ, ಚಕ್ರ ಇನ್ನೂ ಸೊನ್ನೆಯ ಮೇಲಿದ್ದಾಗ ತೆಗೆದದ್ದು. ಹಿಂದೆ ಕಿಟಕಿ ಇದ್ದುದರಿಂದ ಅಕ್ಕನ ಮುಖ ಪೂರಾ ಕತ್ತಲಾಗಿತ್ತು. ಅರ್ಧ ಮುಖ ಆಚೆ ತಿರುಗಿಸಿದ್ದಳು. ಆಲ್ಬಮ್ಮಿಗೆ ಬೇಡವೆಂದು ಬಿಟ್ಟಿದ್ದೆ, ಅಳಿಸಲು ಮರೆತಿದ್ದೆ. ಸ್ವಲ್ಪ ಸ್ವಲ್ಪವೇ ಬೆಳಕು ಏರಿಸಿದೆ. ಕತ್ತಲೊಳಗಿಂದ ಕಣ್ಣ ರೆಪ್ಪೆ ಕಂಡಿತು, ಮೂಗುತಿ ಕಂಡಿತು, ತುಟಿಯ ಮೂಲೆಯಲ್ಲಿ ಬರಲಿದ್ದ ನಗುವೂ ಕಂಡಿತು.

ಅಲ್ಲಿ ನನ್ನ ಕೈ ನಿಂತಿತು. ಎಲ್ಲಿಯವರೆಗೆ ಏರಿಸಬೇಕು? ಅವಳ ಬಣ್ಣ ಇದು ಎಂದು ನಿಲ್ಲಿಸುವ ಜಾಗ ನನಗೆ ಗೊತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಊರಿನ ಮುಖಗಳನ್ನೆಲ್ಲ ಬೆಳಗಿಸುತ್ತಾ ಕುಳಿತಿದ್ದ ನನಗೆ ನನ್ನ ಅಕ್ಕನ ಕೆನ್ನೆಯ ಬಣ್ಣ ನೆನಪಿರಲಿಲ್ಲ. ಆ ಮಧ್ಯಾಹ್ನ ನಾನು ಸ್ಟುಡಿಯೋದಲ್ಲಿ ಒಬ್ಬನೇ ಕುಳಿತು ಅತ್ತೆ. ಅವಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಲ್ಯಾಪ್‌ಟಾಪ್ ಮನೆಗೆ ಒಯ್ದು ಅವ್ವನ ಮುಂದೆ ಇಟ್ಟೆ. ಬೀಸುವ ಕಲ್ಲಿನ ಪಕ್ಕ ಕುಳಿತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು. ಬಣ್ಣ ಗೊತ್ತಾಗುತ್ತಿಲ್ಲ ಎಂದು ಹೇಳಿದೆ. ಅವ್ವ ಬಲಗೈಯ ಬಳೆ ಮೇಲಕ್ಕೆ ಸರಿಸಿ, ಮೊಳಕೈಯವರೆಗೆ ಕೈ ಚಾಚಿ ಸ್ಕ್ರೀನಿನ ಪಕ್ಕ ಹಿಡಿದಳು.

“ಅದಕ್ಕ್ಯಾಕ ಅಳ್ತಿ? ನನ್ನ ಬಣ್ಣಾನೇ ಅಲ್ಲೇನು ಆಕೀದು. ಇದನ್ನ ನೋಡಿಕೋತ ಮಾಡು.”

ಅವ್ವನ ಕೈಯನ್ನು ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೆಂಪು, ಹಳದಿ, ಬೆಳಕು ಒಂದೊಂದನ್ನೇ ಸರಿಸುತ್ತಾ ಹೋದೆ. ಕೆಂಪು ಜಾಸ್ತಿಯಾಯಿತು ಎಂದು ಅವ್ವ ಹೇಳಿದಳು. ಇನ್ನೂ ಸ್ವಲ್ಪ ಇಳಿಸು, ಬಿಸಿಲಿಗೆ ಓಡಾಡುವ ಹುಡುಗಿ ಅವಳು ಎಂದಳು. ಒಂದು ಕಡೆ ಬಂದಾಗ ಆ ಚಾಚಿದ ಕೈಯನ್ನೇ ಸ್ಕ್ರೀನಿನ ಮೇಲಿಟ್ಟು ಅಕ್ಕನ ಕೆನ್ನೆ ಮುಟ್ಟಿದಳು. ಅಲ್ಲಿಗೆ ನಿಲ್ಲಿಸಿದೆ.

ಪ್ರಿಂಟ್ ತೆಗೆದುಕೊಂಡು ನಾರಾಯಣಪುರಕ್ಕೆ ಹೋದೆ. ಭಾವ ಅದನ್ನು ನೋಡಿ ಗೋಡೆಯ ಮೇಲಿದ್ದ ಹಳೆಯ ಚೌಕಟ್ಟು ತಾವೇ ಇಳಿಸಿದರು. ಮಗು ಓಡಿ ಬಂದು ಫೋಟೋ ಹಿಡಿದುಕೊಂಡಿತು. ಈ ಸಲ ಗುರುತು ಹಿಡಿಯಿತು. ಅವ್ವ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿತು:

“ಅವ್ವ ಯಾ ಕಡಿ ನೋಡಾಕತ್ತಾಳ?”

ಕಿಟಕಿಯ ಕಡೆ ಎಂದೆ.

“ನನ್ನ ಕಡಿ ನೋಡಿದ್ದು ಇಲ್ಲೇನು?”

ಇಲ್ಲ ಎಂದೆ. ಅದಕ್ಕಿಂತ ಕಷ್ಟದ ಮಾತು ನಾನು ಯಾರಿಗೂ ಹೇಳಿಲ್ಲ.

ಸ್ಟುಡಿಯೋ ಈಗಲೂ ನಡೆಯುತ್ತಿದೆ. ಬೆಳ್ಳಗೆ ಮಾಡಿ ಎಂದು ಜನ ಈಗಲೂ ಕೇಳುತ್ತಾರೆ, ಹೊಟ್ಟೆಪಾಡು, ಮಾಡಿಕೊಡುತ್ತೇನೆ. ಆದರೆ ಅದಕ್ಕಿಂತ ಮುಂಚೆ ಒಂದನ್ನು ಇದ್ದ ಹಾಗೆ ತೆಗೆದು, ಕೇಳಲಿ ಬಿಡಲಿ, ಅದರ ಪ್ರತಿಯನ್ನೂ ಕವರಿನೊಳಗೆ ಸೇರಿಸಿ ಕೊಡುತ್ತೇನೆ. ಕೆಲವರು ಅಲ್ಲಿಯೇ ತೆಗೆದು ಟೇಬಲ್ಲಿನ ಮೇಲೆ ಬಿಟ್ಟು ಹೋಗುತ್ತಾರೆ. ಅವುಗಳನ್ನು ಎಸೆದಿಲ್ಲ. ಒಂದು ಕಪಾಟು ತುಂಬಿದೆ.

ಅಕ್ಕನ ಮಗಳಿಗೆ ಈಗ ಹತ್ತು ವರ್ಷ. ಹೋದ ತಿಂಗಳು ಶಾಲೆಯ ಅರ್ಜಿಗೆ ಫೋಟೋ ಬೇಕೆಂದು ಭಾವ ಕರೆದುಕೊಂಡು ಬಂದಿದ್ದರು. ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದಾಗ ಅಪ್ಪನಿಗೆ ಕೇಳದಂತೆ ಮೆಲ್ಲಗೆ, ಸ್ವಲ್ಪ ಬೆಳ್ಳಗ ಮಾಡು ಮಾಮಾ ಎಂದಳು. ಶಾಲೆಯಲ್ಲಿ ಏನೋ ಅನ್ನುತ್ತಾರಂತೆ. ಏನನ್ನುತ್ತಾರೆ ಎಂದು ಕೇಳಿದೆ. ಅವಳು ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡಳು. ನಿನ್ನ ಅವ್ವನ ಬಣ್ಣ ಮಗಳೇ ಇದು ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ಅದನ್ನು ಸಾವಿರ ಸಲ ಕೇಳಿರಬೇಕು, ನಾನು ಹೇಳುವ ಮೊದಲೇ ತಲೆ ತಗ್ಗಿಸಿಬಿಟ್ಟಳು.

ತಲೆ ಎತ್ತಲಿ ಎಂದು ಕಾದೆ. ಎತ್ತಿದಾಗ ನೇರ ನನ್ನ ಕಡೆಗೇ ನೋಡಿದಳು. ಇದ್ದ ಹಾಗೆ ತೆಗೆದೆ.