ಸಾವಿನ ಮನೆಗೆ ಅವ್ವನ ಬುತ್ತಿ

ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವಳ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ನಾನು ಸೋತ ವಾದಗಳು. ಕಾಲೇಜಿನ ದಿನಗಳಲ್ಲಿ ಸಂಡೂರು, ಕಂಪ್ಲಿ ಎನ್ನದೆ ಚರ್ಚಾಸ್ಪರ್ಧೆಗಳಿಗೆ ಹೋಗಿ ಟ್ರೋಫಿ ಹೊತ್ತು ತರುತ್ತಿದ್ದೆ. ಅವ್ವ ಅದರಲ್ಲಿ ಸಾಸಿವೆ ಹಾಕಿಡುತ್ತಿದ್ದಳು. "ಮುಚ್ಚಳ ಒಂದಿದ್ದರ ಚಲೋ ಇತ್ತು ನೋಡು" ಎಂಬುದು ನನ್ನ ಸಾಧನೆಯ ಬಗ್ಗೆ ಅವಳ ಒಟ್ಟು ವಿಮರ್ಶೆ. ಆದರೂ ಪ್ರತಿ ಸ್ಪರ್ಧೆಗೂ ನನ್ನೊಂದಿಗೆ ಬಸ್ಸು ಹತ್ತುತ್ತಿದ್ದಳು, ಮುಂದಿನ ಸಾಲಿನಲ್ಲೇ ಕೂತು ನಿದ್ದೆ ಹೊಡೆಯುತ್ತಿದ್ದಳು. ಚಪ್ಪಾಳೆಗೆ ಮಾತ್ರ ತಪ್ಪದೆ ಎಚ್ಚರಾಗಿ ತಾನೂ ತಟ್ಟುತ್ತಿದ್ದಳು, ಅದು ನನ್ನ ಎದುರಾಳಿಗೆ ಬಿದ್ದ ಚಪ್ಪಾಳೆಯಾದರೂ.

ಹೊಸಪೇಟೆಯ ನಮ್ಮ ಓಣಿಯಲ್ಲಿ ಸಾವಾದ ಮನೆಯವರು ಮೂರು ದಿನ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಬುತ್ತಿ ಕಟ್ಟಿ ಒಯ್ಯಬೇಕು. ರೊಟ್ಟಿ ಯಾರ ಮನೆಯಿಂದ, ಪಲ್ಯ ಯಾರದು, ಅನ್ನ ಸಾರು ಯಾರದು ಎಂದು ಹಂಚುವ ಉಸಾಬರಿಯನ್ನು ಅವ್ವ ಯಾರೂ ಹೇಳದೆಯೇ ಮೈಮೇಲೆ ಎಳೆದುಕೊಂಡಿದ್ದಳು. ಅದೂ ನಾನು ಹುಟ್ಟುವುದಕ್ಕೆ ಮೊದಲೇ. ಅವಳಿಗೆ ನಲವತ್ತು ದಾಟಿದ ಮೇಲೆ ಹುಟ್ಟಿದ ಕೊನೆಯ ಕೂಸು ನಾನು. ಹಾಗಾಗಿ ಮನೆಯಲ್ಲಿ ಬುತ್ತಿಯೇ ನನಗಿಂತ ಹಿರಿಯದು. ಇದನ್ನು ಅವಳು ದೇವತೆಯಂತೆ ಮಾಡುತ್ತಿದ್ದಳು ಎಂದರೆ ಸುಳ್ಳಾದೀತು. ಪಕ್ಕದ ಮನೆಯ ರೊಟ್ಟಿ ದಪ್ಪವಾಗಿದ್ದರೆ ಹೆಣ ಇನ್ನೂ ಮನೆಯಲ್ಲಿರುವಾಗಲೇ ಅದರ ವಿಮರ್ಶೆ ಶುರುವಾಗುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಅವಳಿಗೆ ಉಬ್ಬಸ ಹತ್ತಿತು. ಹೃದಯ ಸೋತಿದೆ, ಏರು ಹತ್ತಬಾರದು, ಒಲೆಯ ಮುಂದೆ ನಿಲ್ಲಬಾರದು, ಇಲ್ಲದಿದ್ದರೆ ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ಅವಳನ್ನು ಒಪ್ಪಿಸುವ ಹೊಣೆ ಸಹಜವಾಗಿ ನನ್ನದಾಯಿತು. ಮಾತು ಕಲಿತವಳಲ್ಲವೇ! ಮಂಚದ ಮುಂದೆ ನಿಂತು ಪೀಠಿಕೆ, ಪುರಾವೆ, ಉಪಸಂಹಾರ ಎಲ್ಲವನ್ನೂ ಮಂಡಿಸಿದೆ. ಹೊಟ್ಟೆ ಹಸಿದವರು ಹೋಟೆಲಿನಿಂದ ತರಿಸಿಕೊಳ್ಳಬಹುದು, ಒಲೆ ಹಚ್ಚಿದರೆ ಸತ್ತವರಿಗೇನೂ ಆಗುವುದಿಲ್ಲ, ಇದು ಬರೀ ಮೂಢನಂಬಿಕೆ ಎಂದೆ.

ಅವ್ವ ಕೊನೆಯವರೆಗೂ ಕೇಳಿ, "ಮುಗೀತಾ? ಹಂಗಾರ ಆ ಡಬ್ಬಿ ಹಿಡಕೊ" ಎಂದಳು.

ಕಡೆಗೆ ರಾಜಿಯಾಯಿತು. ಅಡುಗೆಯನ್ನು ಅಕ್ಕ ಮಾಡುವುದು, ಸ್ಕೂಟರಿನಲ್ಲಿ ನಾನು ಒಯ್ಯುವುದು, ಅವ್ವ ಕೂತಲ್ಲೇ ಬೈಯುವುದು. ನಾನು ಗೆದ್ದೆನೆಂದೇ ಭಾವಿಸಿದ್ದೆ.

ಮೊದಲ ಬುತ್ತಿ ಕಾಲುವೆಯಾಚೆಯ ಏರಿನ ಮೇಲಿನ ಮನೆಗೆ. ಅಲ್ಲಿ ಮುದುಕಿ ತೀರಿಕೊಂಡಿದ್ದಳು. ಗಂಡ ಹಾಸಿಗೆ ಹಿಡಿದವನು. ಡಬ್ಬಿ ಇಳಿಸಿ, ಕಲಿತ ಸಭ್ಯತೆಯಿಂದ ಕೈಮುಗಿದು, "ಹೋಗಿ ಬರ್ತೀನ್ರಿ, ಮತ್ತ ಬರ್ತೀನಿ" ಎಂದುಬಿಟ್ಟೆ.

ಸಾವಿನ ಮನೆಯಿಂದ ಯಾರೂ ಹೇಳಿ ಹೊರಡುವುದಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಮತ್ತೆ ಬರುತ್ತೇನೆ ಎಂದರೆ ಇನ್ನೊಂದು ಸಾವನ್ನು ಕರೆದಂತೆ. ಎಳೆಯ ಮಕ್ಕಳಿಗೂ ಗೊತ್ತಿರುವ ಮಾತು ಇದು. ಮುದುಕನ ತಂಗಿ ಬಾಗಿಲಲ್ಲೇ ನಿಂತಿದ್ದಳು.

"ಇನ್ನ ಯಾರನ್ನ ಒಯ್ಯಾಕ ಬರ್ತೀಯವಾ? ನಮ್ಮಣ್ಣನ್ನೇನು?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಚಪ್ಪಲಿ ಬಿಟ್ಟು ವಾಪಸು ಒಳಗೆ ಹೋದೆ. "ಮಾತಿನಿಂದ ಯಾರೂ ಸಾಯಂಗಿಲ್ರಿ. ಹಂಗಿದ್ದರ ನಿಮ್ಮಣ್ಣಾರಿಗೆ ಔಷಧ ಯಾಕ? ನೂರು ವರ್ಷ ಬಾಳು ಅಂದ್ರ ಸಾಕಿತ್ತಲ್ಲ?" ಎಂದು ಕೇಳಿದೆ. ಒಳ್ಳೆಯ ತರ್ಕ, ಇಂದಿಗೂ ಅದರಲ್ಲಿ ನನಗೆ ಲೋಪ ಕಾಣುವುದಿಲ್ಲ. ಸಂಜೆ ಡಬ್ಬಿ ತುಂಬಿದ್ದು ತುಂಬಿದಂತೆಯೇ ನಮ್ಮ ಕಟ್ಟೆಯ ಮೇಲೆ ಬಂದು ಕೂತಿತ್ತು.

ಅವ್ವ ಮುಚ್ಚಳ ತೆಗೆದು ನೋಡಿದಳು. ಅವಳ ಬುತ್ತಿ ಎಂದೂ ಹಾಗೆ ತಿರುಗಿ ಬಂದಿರಲಿಲ್ಲ. "ಏನಂದಿ ಅಲ್ಲಿ?" ಎಂದಳು. ಹೇಳಿದೆ. ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು. ಅಕ್ಕ ತಡೆದಳು, ನಾನು ಅಡ್ಡ ನಿಂತೆ.

"ಸರೀಲೇ ಅತ್ಲಾಗ! ಆ ಮುದುಕಪ್ಪ ಮುಂಜಾನಿಂದ ಉಪವಾಸ ಅದಾನ."

ಮೂರೂ ದಿನ ತಾನೇ ಹೋದಳು. ನನ್ನ ಸ್ಕೂಟರ್ ಆ ಓಣಿಗೆ ಬರಕೂಡದೆಂದು ಕಾಲುವೆಯ ದಡದಲ್ಲೇ ಇಳಿದು, ಎರಡು ಹೆಜ್ಜೆಗೊಮ್ಮೆ ನಿಂತು ಏರು ಹತ್ತುತ್ತಿದ್ದಳು. ಕೆಳಗೆ ನಿಂತು ನೋಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. "ನನ್ನ ಮಗಳಿಗೆ ಮಾತಾಡಾಕ ಪ್ರೈಜ್ ಕೊಟ್ಟು ಕೆಡಿಸ್ಯಾರ್ರಿ. ಆಕೀದು ಬಿಡ್ರಿ, ರೊಟ್ಟಿ ಬಿಸಿ ಐತಿ" ಎಂದು ಹೇಳಿ ಮುದುಕನಿಗೆ ಉಣಿಸಿದಳಂತೆ. ನಾಲ್ಕನೆಯ ದಿನ ಉಸಿರು ಸಿಗದೆ ಆಸ್ಪತ್ರೆ ಸೇರಿದಳು. ಏರು ಹತ್ತದಂತೆ ಮಾಡುತ್ತೇನೆಂದು ಹೊರಟವಳು ನಾನು. 

ಅವ್ವ ಮನೆಗೆ ಬಂದ ಮೇಲೆ, ಮೂರು ದಿನವೂ ಅವಳು ಏದುಸಿರು ಬಿಡುತ್ತಾ ಏರು ಹತ್ತಿದ್ದನ್ನು ಕಂಡಿದ್ದ ಆ ಮುದುಕನ ಸೊಸೆ ಬಂದಳು. ಮಂಚದ ಅಂಚಿಗೆ ಕೂತು, "ಅವ್ವಾರ, ಇನ್ನ ಮ್ಯಾಲ ಬುತ್ತಿ ನಾ ಒಯ್ತೀನ್ರಿ. ಎಲ್ಲಿಗೆ, ಏನು ಅಂತ ನೀವು ಹೇಳಿದ್ರ ಸಾಕು" ಎಂದಳು.

ನನ್ನ ಪೀಠಿಕೆ, ಪುರಾವೆಗಳಿಗೆ ಜಗ್ಗದವಳು ತಟ್ಟನೆ, "ಹೂಂನವಾ. ಈಕಿನ್ನ ಮಾತ್ರ ಜೋಡಿ ಕರಕೊಂಡು ಹೋಗಬ್ಯಾಡ" ಎಂದಳು. ಅಂದಿನಿಂದ ಒಲೆಯ ಮುಂದೆ ನಿಲ್ಲಲಿಲ್ಲ. ಫೋನು ಹಿಡಿದು ಕಮಲಾಪುರ, ಪಾಪಿನಾಯಕನಹಳ್ಳಿಯ ಸಾವುಗಳಿಗೂ ಅಲ್ಲಿನ ಹೆಂಗಸರನ್ನು ಎಬ್ಬಿಸುತ್ತಾ, ಡಾಕ್ಟರೇ ಬೆರಗಾಗುವಷ್ಟು ವರ್ಷ ಬದುಕಿದಳು.

ಅವ್ವ ತೀರಿಕೊಂಡ ದಿನ ನಮ್ಮ ಒಲೆ ತಣ್ಣಗಿತ್ತು. ಮಧ್ಯಾಹ್ನಕ್ಕೆ ಆ ಸೊಸೆಯೇ ಎಲ್ಲರಿಗಿಂತ ಮೊದಲು ರೊಟ್ಟಿ ತಂದಿಟ್ಟಳು. ಅಕ್ಕ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ನಾನು ಶುರು ಮಾಡಿದೆ:

"ನೋಡಕ್ಕಾ, ಅವತ್ತು ನಾ ಬಾಯಿ ತಪ್ಪಿ ಅಂದಿರಲಿಲ್ಲಂದ್ರ ಈಕಿ ನಮ್ಮನಿಗೆ ಬರ್ತಿರಲಿಲ್ಲ. ಅವ್ವ ಮನ್ಯಾಗ ಕುಂದ್ರತಿರಲಿಲ್ಲ. ಅಂದ್ರ ಇಷ್ಟು ವರ್ಷ ಆಕಿ ಉಳಿದದ್ದು..."

ಅಕ್ಕನ ಕಣ್ಣುಗಳು ಅತ್ತು ಕೆಂಪಾಗಿದ್ದವು. ರೊಟ್ಟಿ ಮುರಿದು ನನ್ನ ಬಾಯಿಗೆ ತುರುಕಿದಳು.

"ಹೂಂ, ನೀನೇ ಗೆದ್ದಿ. ಉಣ್ಣು."

ನಮ್ಮ ಮನೆಯಲ್ಲಿ ನಾನು ಗೆದ್ದೆನೆಂದು ಒಬ್ಬರು ಒಪ್ಪಿಕೊಂಡದ್ದು ಅದೇ ಮೊದಲು. ಎದುರಾಡಲು ಅವ್ವನಿಲ್ಲದೆ ಬಂದ ಆ ತೀರ್ಪನ್ನು ಅಲ್ಲಿಯೇ ರದ್ದು ಮಾಡಿಸಬೇಕೆನ್ನಿಸಿತು. ಬಾಯಿ ತುಂಬ ರೊಟ್ಟಿಯಿತ್ತು.