ಮಗ್ಗ ನಿಂತ ಹಗಲು

ಕಿಟಕಿಗೆ ಹೊಡೆದ ಕರಿ ಕಂಬಳಿಯಲ್ಲಿ ಒಂದು ಕಡೆ ನೂಲು ಸಡಿಲಾಗಿದೆ. ಅಲ್ಲಿಂದ ಒಳಗೆ ಬರುವ ಬೆಳಕು ಕಡಲೆಕಾಳಿನಷ್ಟು. ಬೆಳಿಗ್ಗೆ ಅದು ಎದುರು ಗೋಡೆಯ ಮೊಳೆಯ ಮೇಲೆ ಕೂತಿರುತ್ತದೆ. ಹೊರಗೆ ಬಿಸಿಲೇರಿದಂತೆ ಒಳಗೆ ಅದು ಕೆಳಗಿಳಿಯುತ್ತದೆ. ನೀರಿನ ಬಿಂದಿಗೆಯ ಕಂಠ ದಾಟಿ, ನನ್ನ ಹಾಸಿಗೆಯ ಅಂಚಿಗೆ ಬಂದು ಆರಿಹೋಗುತ್ತದೆ. ಅದು ಆರಿದ್ದನ್ನು ನಾನು ಕಂಡೆ ಎಂದರೆ ಆ ದಿನ ನನಗೆ ನಿದ್ದೆಯಾಗಿಲ್ಲ ಎಂದೇ ಲೆಕ್ಕ.

ಅಂಕೋಲೆಯಿಂದ ಮೊಳಕಾಲ್ಮುರಿಗೆ ಬಂದ ಮೇಲೆ ನಾನು ಕಲಿತ ಮೊದಲ ಕೆಲಸ ಹಗಲು ಮಲಗುವುದು. ಇನ್ನೂ ಸರಿಯಾಗಿ ಕಲಿತಿಲ್ಲ. ಧಾರವಾಡದಲ್ಲಿ ಮನೋವಿಜ್ಞಾನ ಓದಿದವಳಿಗೆ ಗಣಿಯಲ್ಲಿ ಏನು ಕೆಲಸ ಎಂದು ಊರಿನಲ್ಲಿ ಈಗಲೂ ಕೇಳುತ್ತಾರೆ. ಜಿಲ್ಲೆಯ ಗಡಿಯಾಚೆ ಬಳ್ಳಾರಿ ಕಡೆಯ ಗುಡ್ಡಗಳಲ್ಲಿ ಒಂದು ಕಬ್ಬಿಣದ ಅದಿರಿನ ಗಣಿಯಿದೆ. ರಾತ್ರಿ ಪಾಳಿಗೆ ಬರುವ ಟಿಪ್ಪರ್ ಚಾಲಕರನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರಾಗಿ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಉಸಿರು ಊದಿಸುತ್ತೇನೆ, ಕಣ್ಣು ನೋಡುತ್ತೇನೆ, ಹಗಲು ಮಲಗಿದ್ದಿರಾ ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಇಲ್ಲ ಎಂದವರನ್ನು ಇದುವರೆಗೆ ಕಂಡಿಲ್ಲ. ದಣಿದಿದ್ದಾನೆಂದು ಒಬ್ಬನನ್ನು ತಡೆದರೆ ಗುತ್ತಿಗೆದಾರ ಅವನ ಗಾಡಿಯ ಕೀಲಿಯನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಆಮೇಲೆ ಅವನು ಸ್ಪೇರ್. ಅಂದರೆ ಯಾರಾದರೂ ಬಾರದಿದ್ದರೆ ಮಾತ್ರ ಕೆಲಸ; ಇಲ್ಲವಾದರೆ ಗೇಟಿನ ಹೊರಗೆ ಕಾಯುವುದು.

ನಾನೂ ರಾತ್ರಿ ಪಾಳಿಯವಳೇ. ಮೂವರಿಗಿಂತ ಕಡಿಮೆ ಹೆಂಗಸರನ್ನು ರಾತ್ರಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ನನ್ನ ಜೊತೆ ಇನ್ನಿಬ್ಬರಿದ್ದಾರೆ. ಅವರಲ್ಲಿ ಒಬ್ಬಳು ನರ್ಸ್, ಇನ್ನೊಬ್ಬಳು ವೈರ್‌ಲೆಸ್ ನೋಡಿಕೊಳ್ಳುವವಳು. ಮೂವರಲ್ಲಿ ಒಬ್ಬಳು ರಜೆ ಹಾಕಿದರೆ ಉಳಿದಿಬ್ಬರ ಪಾಳಿಯೂ ತಪ್ಪುತ್ತದೆ. ಹಾಗಾಗಿ ಜ್ವರ ಬಂದರೂ ಮೂವರೂ ಬರುತ್ತೇವೆ.

ಮೊಳಕಾಲ್ಮುರಿನಲ್ಲಿ ನನಗೆ ಸಿಕ್ಕಿದ್ದು ನೇಕಾರರ ಮನೆಯ ಹಿಂಬದಿಯ ಕೋಣೆ. ಮನೆಯೊಡತಿ ನಾಗಮ್ಮ. ಅವರ ಮಗ ಸೀನ ನಮ್ಮ ಗಣಿಯಲ್ಲೇ ಟಿಪ್ಪರ್ ಓಡಿಸುತ್ತಾನೆ. ಗಣಿಯ ವ್ಯಾನಿನಲ್ಲಿ ಒಟ್ಟಿಗೆ ಹೋಗಿ ಬರಬಹುದೆಂದು ಕೋಣೆ ತೋರಿಸಿದವನೂ ಅವನೇ. ಅವನ ಹೆಂಡತಿ ಪದ್ಮ ರೇಷ್ಮೆ ಸೀರೆ ನೇಯುತ್ತಾಳೆ. ನಡುಮನೆಯಲ್ಲೇ ಮಗ್ಗವಿದೆ. ನೆಲದಲ್ಲಿ ಕಾಲಿಡಲು ಒಂದು ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು, ತುಳಿಯುವ ಹಲಗೆಗಳ ಮೇಲಿಟ್ಟು ಪದ್ಮ ಕೂರುತ್ತಾಳೆ. ಸೀರೆಯ ಅಂಚಿಗೆ ಬೇರೆ ಬಣ್ಣದ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಅಲ್ಲಿ ನಾಗಮ್ಮ ಕೂರುತ್ತಾರೆ. ಅತ್ತೆ ಸೊಸೆ ಸೇರದೆ ಒಂದು ಗೇಣೂ ಸಾಗುವುದಿಲ್ಲ.

ಅವರು ಕೂರುವುದು ಬೆಳಿಗ್ಗೆ, ನಾನೂ ಸೀನನೂ ಮಲಗುವ ಹೊತ್ತಿಗೆ.

ನಮ್ಮೂರಿನಲ್ಲಿ ಸದ್ದು ಎಂದರೆ ಕಡಲು. ಅದು ಇದೆ ಎಂಬುದೇ ನಮಗೆ ನೆನಪಿರುವುದಿಲ್ಲ. ಇಲ್ಲಿಗೆ ಬಂದ ಮೊದಲ ದಿನಗಳಲ್ಲಿ ನಾನು ಮಲಗಿದಲ್ಲೇ ಬೆಚ್ಚಿ ಏಳುತ್ತಿದ್ದೆ. ಮಗ್ಗದ ಸದ್ದಿಗೆ ಎಂದುಕೊಂಡಿದ್ದೆ. ಮಗ್ಗ ನಿಂತಿದ್ದ ಒಂದು ಸಂಜೆಯೂ ಹಾಗೇ ಎದ್ದಾಗ ತಿಳಿಯಿತು, ನನ್ನನ್ನು ಎಬ್ಬಿಸುತ್ತಿದ್ದುದು ಕಡಲಿಲ್ಲದ ಖಾಲಿತನ.

ಊಟವೂ ತಲೆಕೆಳಗು. ಬೆಳಿಗ್ಗೆ ವ್ಯಾನ್ ಇಳಿದು ಬಸ್ ನಿಲ್ದಾಣದ ಎದುರು ಉಗ್ಗಾಣಿ ತಿನ್ನುತ್ತೇವೆ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಮೆಣಸಿನಕಾಯಿ ಬಜ್ಜಿಯ ಜೊತೆ ಕೊಡುತ್ತಾರೆ. ಊರಿಗೆಲ್ಲ ಅದು ತಿಂಡಿ, ನಮಗೆ ರಾತ್ರಿಯೂಟ. ಮೀನಿನ ಸಾರನ್ನು ನೆನೆಯುವುದನ್ನು ಬಿಟ್ಟಿದ್ದೇನೆ. ನಾಗಮ್ಮನವರ ಶೇಂಗಾ ಚಟ್ನಿಯಿಲ್ಲದೆ ಈಗ ರೊಟ್ಟಿ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಊರಿನಲ್ಲಿರುವ ಆಯಿಗೆ, ನನ್ನ ಅಮ್ಮನಿಗೆ, ಹೇಳಿಲ್ಲ.

ಈ ಮನೆಯಲ್ಲಿ ತೆಲುಗು ಮಾತು. ನಾಗಮ್ಮ ನನ್ನನ್ನು ಅಮ್ಮಾಯಿ ಎನ್ನುತ್ತಾರೆ, ಹುಡುಗಿ ಎಂದರ್ಥ. ಸಂಜೆ ನಾನು ಬಾಗಿಲು ತೆರೆದ ಕೂಡಲೇ ಕೇಳುವುದು ಒಂದೇ: "ನಿದ್ರ ಪಟ್ಟಿಂದಾ ಅಮ್ಮಾಯಿ?" ನಿದ್ದೆ ಹತ್ತಿತಾ ಎಂದು. ನಾನು ಹೂಂ ಎನ್ನುತ್ತೇನೆ. ಗೇಟಿನಲ್ಲಿ ಚಾಲಕರು ನನಗೆ ಕೊಡುವ ಉತ್ತರವನ್ನೇ ನಾನು ಅವರಿಗೆ ಕೊಡುತ್ತೇನೆ.

ಕಂಬಳಿಯ ಉಪಾಯ ಚಳ್ಳಕೆರೆಯದು. ವಾರದ ರಜೆಯಲ್ಲಿ ಬೆಳಕು ಬಿಡದ ಪರದೆ ಬಟ್ಟೆ ತರಲೆಂದು ಹೋಗಿದ್ದೆ. ಅಂಗಡಿಯ ಸಾಹೇಬರು ಒಳಗೆ ಮಗನ ಜೊತೆ ಉರ್ದುವಿನಲ್ಲಿ ಏನೋ ವಾದ ಮಾಡುತ್ತಿದ್ದವರು ನನ್ನ ಕಡೆ ತಿರುಗಿ, ಹಗಲು ಮಲಗಬೇಕಾ, ರಾತ್ರಿ ಪಾಳಿಯಾ ಎಂದು ಕೇಳಿದರು. ಹೌದೆಂದೆ. ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಸುತ್ತಿಟ್ಟರು. "ನಮ್ದು ಪರದೆ ತಗೊಂಡು ಹೋಗಿ ನಾಳೆ ನನ್ನೇ ಬೈತೀಯಮ್ಮ. ಈ ಬಿಸ್ಲಿಗೆ ಕಂಬ್ಳೀನೇ ಸೈ. ರಸ್ತೆ ದಾಟು, ಅಲ್ಲಿ ಮಾರ್ತಾರೆ."

ಕುರಿ ಉಣ್ಣೆಯ ಆ ಕಂಬಳಿಯನ್ನು ಕಿಟಕಿಗೆ ಹೊಡೆದಾಗ ನಾಗಮ್ಮ ಹಣೆ ಹಣೆ ಬಡಿದುಕೊಂಡರು. ಕಂಬಳಿ ಎಂದರೆ ಬಂದವರನ್ನು ಕೂರಿಸಲು ಹಾಸುವುದು, ಅದಕ್ಕೆ ಮೊಳೆ ಹೊಡೆಯುವವರನ್ನು ಅವರು ಎಲ್ಲೂ ನೋಡಿರಲಿಲ್ಲವಂತೆ. ಕತ್ತಲೆಯೇನೋ ಆಯಿತು. ಕೋಣೆ ಇನ್ನಷ್ಟು ಚಿಕ್ಕದಾಯಿತು. ಉಣ್ಣೆಯ ವಾಸನೆಯ ನಡುವೆ ಮಲಗಿ, ಹೊರಗೆ ಬಂಡೆಗಳ ಮೇಲೆ ಇಷ್ಟು ದೊಡ್ಡ ಆಕಾಶವಿದೆ, ನಾನು ಮಾತ್ರ ಅದನ್ನು ನೋಡುವುದು ವ್ಯಾನಿನ ಗಾಜಿನಿಂದ ಎಂದು ಯೋಚಿಸುತ್ತಿರುತ್ತೇನೆ.

ಚಾಲಕರ ಪಾಳಿ ಬದಲಾಗಬೇಕಿದ್ದ ವಾರ ಬದಲಾಗಲಿಲ್ಲ. ಹಗಲಿನ ಚಾಲಕರಲ್ಲಿ ಕೆಲವರು ಬೇರೆ ಗಣಿಗೆ ಹೋಗಿದ್ದರು. ಹೊಸಬರು ಬರುವ ತನಕ ರಾತ್ರಿಯವರು ರಾತ್ರಿಗೇ ಇರಲಿ ಎಂದರು. ಮುಂದಿನ ವಾರವೂ ಅದೇ ಆಯಿತು. ಸೀನ ವ್ಯಾನಿನಲ್ಲಿ ಮಾತಾಡುವುದನ್ನು ಬಿಟ್ಟ. ಮೊದಲೆಲ್ಲ ಹಿಂದಿನ ಸೀಟಿನವರನ್ನು ರೇಗಿಸುತ್ತಿದ್ದವನು, ಯಾರಾದರೂ ಕರೆದರೆ ತುಸು ತಡವಾಗಿ ತಿರುಗುತ್ತಿದ್ದ. ಓದಿದವಳಿಗೆ ಆ ತಡದ ಅರ್ಥ ಗೊತ್ತು. ಗೊತ್ತಿದ್ದೂ ಪ್ರತಿ ರಾತ್ರಿ ಅವನನ್ನು ಒಳಗೆ ಬಿಟ್ಟೆ. ಅವನ ಮನೆಯಲ್ಲಿ ಉಂಡು, ಅವನ ಮನೆಯಲ್ಲಿ ಮಲಗುವವಳು ನಾನು.

ನಾಗಮ್ಮ ಅಮಾವಾಸ್ಯೆಗೆ ಕಾಯುತ್ತಿದ್ದರು. ಅಮಾವಾಸ್ಯೆಯಂದು ಇಲ್ಲಿ ಯಾವ ನೇಕಾರರ ಮನೆಯಲ್ಲೂ ಮಗ್ಗ ಆಡುವುದಿಲ್ಲ. ಮಗ್ಗವನ್ನು ಒರೆಸಿ, ಹೂವಿಟ್ಟು, ಊದುಬತ್ತಿ ಹಚ್ಚಿ ಬಿಟ್ಟುಬಿಡುತ್ತಾರೆ. ಅಂದು ಇಬ್ಬರಿಗೂ ಕಣ್ತುಂಬ ನಿದ್ದೆ ಎಂದು ಅವರು ಹಿಂದಿನ ದಿನವೇ ಹೇಳಿದ್ದರು. ಅದರಂತೆ ಬೆಳಿಗ್ಗೆ ಪಾತ್ರೆ ತೊಳೆಯುವುದನ್ನೂ ಮುಂದೆ ಹಾಕಿದರು. ಬಾಗಿಲಿಗೆ ಬಂದ ಸೊಪ್ಪಿನವಳನ್ನು ಕೈಸನ್ನೆಯಲ್ಲೇ ಕಳಿಸಿದರು. ಇಡೀ ಬೀದಿಯೇ ಉಸಿರು ಬಿಗಿಹಿಡಿದಂತಿತ್ತು.

ನಾನು ಬೆಳಕು ಗೋಡೆಯಿಂದ ಇಳಿಯುವುದನ್ನು ನೋಡಿದೆ. ಬಿಂದಿಗೆಯ ಕಂಠಕ್ಕೆ ಬಂದುದನ್ನೂ ನೋಡಿದೆ. ಅದು ಆರಿದ ಮೇಲೆ ಎದ್ದು ಹೊರಗೆ ಬಂದರೆ, ಸೀನ ಆಗಲೇ ಕಟ್ಟೆಯ ಮೇಲೆ ಕೂತಿದ್ದ.

"ನಿಮಗೂ ಆಗ್ಲಿಲ್ಲೇನ್ರಿ ಮೇಡಂ?" ಎಂದ. ಇಲ್ಲವೆಂದೆ. ಅವನು ಮುಖ ಉಜ್ಜಿಕೊಂಡ. "ಮಗ್ಗ ನಿಂತ್ರೆ ನಂಗೆ ಎಚ್ಚರ ಆಗ್ತೈತ್ರಿ. ಬಸ್ ನಿಂತಾಗ ಆಗಲ್ವೇ, ಹಂಗೆ. ಸಣ್ಣೋನಿದ್ದಾಗಿಂದ ಅದೇ ಸದ್ದಿಗೆ ಮಲಗಿದೋನು. ಅವ್ವಂಗೆ ಹೇಳ್ಬೇಡ್ರಿ, ಪಾಪ, ಪಾತ್ರೆ ಸೈತ ತೊಳ್ದಿಲ್ಲ."

ನಾನು ನಕ್ಕೆ. ಅವನೂ ನಕ್ಕ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. ಹಾಗೇ ನಗುವಿನ ಕೊನೆಯಲ್ಲೇ ಅವನು ಹೇಳಿದ:

"ಗಾಡಿ ಸದ್ದೂ ಹಂಗೇ ಆಗೈತ್ರಿ ಈಗ. ಲೋಡ್ ಹಾಕ್ಕೊಂಡು ಇಳೀವಾಗ ಒಂದೇ ಸಮ ಹೊಡ್ಕಂತೈತಲ್ಲ, ಮಗ್ಗದಂಗೆ. ಕಣ್ಣು ತೆರ್ಕಂಡೇ ಇರ್ತೀನಿ. ತಿರುವು ಯಾವಾಗ ದಾಟಿತು ಅಂಬೋದು ಗೊತ್ತಾಗಲ್ಲ. ಮೊನ್ನೆ ಎರಡು ಸಲ ಆತು."

ಆ ತಿರುವು ನನಗೆ ಗೊತ್ತು. ಅದರ ಒಂದು ಮಗ್ಗುಲಿಗೆ ಮಣ್ಣಿನ ದಿಬ್ಬವಿದೆ, ದಿಬ್ಬದಾಚೆ ಏನೂ ಇಲ್ಲ. ಇವತ್ತು ಹೋಗಬೇಡಿ ಎಂದೆ. ಅವನು ತಲೆಯಾಡಿಸಿದ. ಗಾಡಿ ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಸ್ಪೇರ್ ಆಗಿ ಗೇಟಿನಲ್ಲಿ ನಿಲ್ಲುವವರನ್ನು ನೋಡಿಲ್ಲವೇ ಎಂದು ಕೇಳಿದ. ದಿನಾ ನೋಡುತ್ತೇನೆ. ಮಾತು ಮುಗಿಸುತ್ತ, ಸಂಜೆ ಸಾಲಿನಲ್ಲಿ ನಿಂತಾಗ ತನ್ನನ್ನು ಬೇರೆಯಾಗಿ ನೋಡಬೇಡಿ, ಎಲ್ಲರಿಗೂ ಕೇಳಿದಂತೆ ಕೇಳಿ ಬಿಟ್ಟುಬಿಡಿ ಎಂದ. ಅವನಿಗೆ ನಾನು ಏನೂ ಮಾತು ಕೊಡಲಿಲ್ಲ. ಕೊಡದಿರುವುದನ್ನು ಅವನು ಒಪ್ಪಿಗೆ ಎಂದುಕೊಂಡ.

ಸಂಜೆ ನಾನು ಜಡೆ ಹಾಕಿಕೊಳ್ಳುತ್ತಿದ್ದಾಗ ಪದ್ಮ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಹೆಚ್ಚು ಮಾತಿನವಳಲ್ಲ. ಗಂಡ ಮಲಗಿದಾಗ ಅವಳು ನೇಯುತ್ತಾಳೆ, ಅವಳು ಮಲಗಿದಾಗ ಅವನು ಗುಡ್ಡದಲ್ಲಿರುತ್ತಾನೆ. ಒಂದೇ ಸೂರಿನಡಿ ಪಾಳಿ ಬದಲಿಸಿಕೊಳ್ಳುವವರಂತೆ ಬಾಗಿಲಲ್ಲಿ ಎದುರಾಗುತ್ತಾರೆ. ಕಟ್ಟೆಯ ಮೇಲಿನ ಮಾತು ಅವಳಿಗೆ ಒಳಗೆ ಕೇಳಿತ್ತು.

"ಅಕ್ಕ, ಇವತ್ತು ಅವರನ್ನ ಒಳಗೆ ಬಿಡಬೇಡ್ರಿ," ಎಂದಳು.

ಗಾಡಿ ಅವನ ಕೈತಪ್ಪಿ ಹೋಗುತ್ತದೆ ಎಂದೆ.

"ಹೋಗ್ಲಿ ಬಿಡ್ರಿ. ನಾನು ತಡೆದ್ರೆ ಹೆಂಡ್ತಿ ಮಾತು ಕೇಳಿ ಮನ್ಯಾಗೆ ಕುಂತ ಅಂತಾರೆ. ನೀವು ತಡೆದ್ರೆ ಕೆಲಸ, ಅಷ್ಟೇ. ಅತ್ತೆಗೆ ನಾನು ಹೇಳಿದ್ದು ಅಂತ ಗೊತ್ತಾಗೋದು ಬ್ಯಾಡ."

ವ್ಯಾನಿನಲ್ಲಿ ಸೀನ ನನ್ನ ಹಿಂದೆ ಕೂತಿದ್ದ. ದಾರಿಯುದ್ದಕ್ಕೂ ಗುಡ್ಡಗಳು ಕೆಂಪಾಗುತ್ತ ಕಪ್ಪಾದವು. ಅದಿರಿನ ಆ ಕೆಂಪು ನನಗೆ ಚಿಕ್ಕಂದಿನಿಂದ ಪರಿಚಯ. ನಮ್ಮೂರಿನ ಹೆದ್ದಾರಿಯಲ್ಲಿ ಬಂದರಿನ ಕಡೆ ಹೋಗುತ್ತಿದ್ದ ಲಾರಿಗಳ ಧೂಳು ಶಾಲೆಯ ಸಮವಸ್ತ್ರದ ಮೇಲೆ ಕೂರುತ್ತಿತ್ತು. ಆ ಲಾರಿಗಳು ಎಲ್ಲಿಂದ ಬರುತ್ತವೆ, ಅವುಗಳನ್ನು ತುಂಬಿ ಕಳಿಸಿದವರು ರಾತ್ರಿ ಮಲಗಿದ್ದರೇ ಎಂದು ನಾವು ಯಾರೂ ಕೇಳಿರಲಿಲ್ಲ.

ಗೇಟಿನಲ್ಲಿ ಅಮಾವಾಸ್ಯೆಯ ಪೂಜೆಯಾಗಿತ್ತು. ಸಾಲಾಗಿ ನಿಂತ ಟಿಪ್ಪರ್‌ಗಳ ಚಕ್ರದಡಿ ನಿಂಬೆಹಣ್ಣು, ಮುಂದೆ ಒಡೆದ ಕಾಯಿ. ಸೀನನ ಸರದಿ ಬಂತು. ಉಸಿರು ಊದಿದ. ಹಗಲು ಮಲಗಿದ್ದಿರಾ ಎಂದು ಕೇಳಿದೆ. ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ ಕೇಳಿದೆ.

"ಮಲಗಿದ್ದೇರಿ," ಎಂದ. ಕಣ್ಣು ತಪ್ಪಿಸಲಿಲ್ಲ.

"ಇಲ್ಲ," ಎಂದೆ. "ಇವತ್ತು ನೀವು ಗಾಡಿ ಹತ್ತುವ ಹಾಗಿಲ್ಲ."

ಹಿಂದೆ ನಿಂತವನೊಬ್ಬ, ಲೇ ಸೀನ, ಮನೆಯೊಳಗಿನ ಬಾಡಿಗೆದಾರರೇ ಹಿಡಿದುಕೊಟ್ಟರಲ್ಲೋ ಎಂದು ನಗಾಡಿದ. ಉಳಿದವರು ನಗಲಿಲ್ಲ. ನಾಳೆ ತಮ್ಮ ಸರದಿಯೂ ಬರಬಹುದೆಂಬುದು ಅವರ ಮುಖದಲ್ಲಿತ್ತು. ಸೀನ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಕೀಲಿಯನ್ನು ಗುತ್ತಿಗೆದಾರನ ಮೇಲ್ವಿಚಾರಕ ಇನ್ನೊಬ್ಬನಿಗೆ ಕೊಟ್ಟ. ವ್ಯಾನ್ ಬೆಳಗಿಗೆ ಮುಂಚೆ ಹಿಂದಿರುಗುವುದಿಲ್ಲ. ಹಾಗಾಗಿ ಅವನು ಇಡೀ ರಾತ್ರಿ ವಿಶ್ರಾಂತಿ ಶೆಡ್ಡಿನ ಬೆಂಚಿನ ಮೇಲೆ ಕಳೆದ. ನನ್ನ ಕೋಣೆಯ ಗಾಜಿನಿಂದ ಅವನ ಬೆನ್ನು ಕಾಣುತ್ತಿತ್ತು. ನನಗೂ ಅಲ್ಲಿಂದ ಎದ್ದು ಹೋಗುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಉಗ್ಗಾಣಿಗೆ ನಿಲ್ಲಲಿಲ್ಲ. ಮನೆ ತಲುಪುವ ಮೊದಲೇ ಸುದ್ದಿ ಫೋನಿನಲ್ಲಿ ಬಂದಿತ್ತು. ನಾಗಮ್ಮ ನನ್ನ ಮುಖ ನೋಡದೆ ಚೀಲ ಹೆಗಲಿಗೆ ಹಾಕಿಕೊಂಡರು. ನಾಯಕನಹಟ್ಟಿಗೆ ಹೋಗಿ ಬರ್ತೀನಿ, ಮಗನ ಗಾಡಿ ವಾಪಸು ಬರಲಿ ಅಂತ ಸ್ವಾಮಿಗೆ ಕೈ ಮುಗಿದು ಬರ್ತೀನಿ ಎಂದು ಸೊಸೆಗೆ ಹೇಳಿ ಬಸ್ಸಿಗೆ ನಡೆದರು. ಪದ್ಮ ಬಾಯಿ ಬಿಡಲಿಲ್ಲ. ಬಿಡಬೇಕೆಂದು ನಾನು ಬಯಸಲೂ ಇಲ್ಲ.

ಸೀನ ಒಳಗೆ ಹೋಗಿ ಮಲಗಿದ. ಅವನ ಕೋಣೆಯ ಕಿಟಕಿಗೆ ಒಂದು ಹಳೆಯ ಸೀರೆಯಷ್ಟೇ ಇದ್ದದ್ದು. ನಾನು ನನ್ನ ಕಿಟಕಿಯ ಮೊಳೆಗಳನ್ನು ಕಿತ್ತು ಕಂಬಳಿಯನ್ನು ಮಡಚಿ ಪದ್ಮಳ ಕೈಗೆ ಕೊಟ್ಟೆ. ಅವಳು ಒಳಗೆ ಹೋಗಿ ಕಟ್ಟಿ ಬಂದಳು. ನನ್ನ ಕೋಣೆಯ ತುಂಬ ಬಿಸಿಲು ಬಿತ್ತು. ಕಂಬಳಿ ಹೊಡೆದಾಗಿನಿಂದ ಅಲ್ಲಿ ಅಷ್ಟು ಬೆಳಕನ್ನು ನಾನು ನೋಡಿರಲಿಲ್ಲ.

ಕತ್ತಲೆಯಾದರೂ ಅವನಿಗೆ ನಿದ್ದೆ ಹತ್ತಲಿಲ್ಲ. ಮಂಚ ಮತ್ತೆ ಮತ್ತೆ ಕಿರುಗುಟ್ಟುತ್ತಿತ್ತು. ಪದ್ಮ ಗುಂಡಿಯಲ್ಲಿ ಕಾಲಿಳಿಬಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಂಚಿನ ಲಾಳಿಗೆ ಜನ ಇರಲಿಲ್ಲ. ಹಿಂದೊಮ್ಮೆ ತಮಾಷೆಗೆ ಅವಳು ಅದನ್ನು ಎಸೆಯುವುದನ್ನು ನನಗೆ ತೋರಿಸಿಕೊಟ್ಟಿದ್ದಳು. ಆಗ ನಾನು ಎಸೆದದ್ದು ಎಳೆಗಳ ನಡುವೆ ಸಿಕ್ಕಿಕೊಂಡಿತ್ತು.

ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳಬೇಡ್ರಿ ಎಂದು ಅವಳು ಕೊಟ್ಟ ಬಟ್ಟೆಗೆ ಒರೆಸಿ, ನಾಗಮ್ಮನವರ ಜಾಗದಲ್ಲಿ ಕೂತೆ. ಪದ್ಮ ತಲೆಯಲ್ಲೇ ಸನ್ನೆ ಮಾಡಿದಳು. ಮೊದಲ ಕೆಲವು ಎಸೆತಗಳು ಸೊಟ್ಟಗಾದವು. ಅವಳು ಬಿಚ್ಚಿ ಮತ್ತೆ ತುಳಿದಳು. ಮೆಲ್ಲಗೆ ಸದ್ದು ಒಂದು ಹದಕ್ಕೆ ಬಂತು. ಇಷ್ಟು ದಿನ ಯಾವ ಸದ್ದಿಗೆ ದಿಂಬನ್ನು ಕಿವಿಗೊತ್ತಿಕೊಂಡಿದ್ದೆನೋ ಅದನ್ನು ನನ್ನ ಕೈಯೇ ಮಾಡುತ್ತಿತ್ತು. ಒಳಗೆ ಮಂಚ ಇನ್ನೊಮ್ಮೆ ಕಿರುಗುಟ್ಟಿತು. ಆಮೇಲೆ ಇಲ್ಲ.

ನನ್ನ ಪಕ್ಕದಲ್ಲಿಟ್ಟಿದ್ದ ಫೋನ್ ಅದುರಿತು. ಆಯಿಯ ಕರೆ. ನಾನು ಕೆಲಸದಿಂದ ಬಂದು ಮಲಗುವ ಮುನ್ನ ಅವಳು ದಿನಾ ಮಾಡುವ ಕರೆ. ಯಾವಾಗ ಬರುತ್ತೀ ಎಂದೇ ಅದು ಶುರುವಾಗುವುದು. ಅಲ್ಲಿ ಹಿಂದುಗಡೆ ಕಡಲಿನ ಸದ್ದಿರುತ್ತದೆ. ಎತ್ತಿಕೊಳ್ಳಲು ಒಂದು ಕೈ ಬಿಡಬೇಕಿತ್ತು.

ಪದ್ಮ ತುಳಿದಳು. ನಾನು ಲಾಳಿ ಎಸೆದೆ.